ಹುಣಸೆಹಣ್ಣಿಗೆ ನೀರೂರುವ ಬಾಯಿ ಜನರ ಮುಂದೆ ಒಣಗುವುದೇಕೆ?

ಹುಣಸೆಹಣ್ಣನ್ನು ನೆನೆದರೆ ಸಾಕು ಬಾಯಲ್ಲಿ ನೀರೂರುತ್ತದೆ, ನಾಲ್ಕು ಜನರೆದುರು ಮಾತನಾಡಲು ನಿಂತರೆ ಅದೇ ಬಾಯಿ ಒಣಗುತ್ತದೆ. ಇದೇಕೆ, ನಮ್ಮ ಸಿರುಗುಪ್ಪದ ಬೇಸಿಗೆಯಲ್ಲಿ ಬಾಯಿ ಆರುವುದೂ ಇದೇ ಕಾರಣಕ್ಕೇ, ತುತ್ತನ್ನು ಒದ್ದೆ ಮಾಡುವುದರ ಹೊರತು ಲಾಲಾರಸಕ್ಕೆ ಬೇರೆ ಕೆಲಸವಿದೆಯೇ ಎಂದು ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಬೋಧಿಸುತ್ತೇನೆ. ಪ್ರತಿ ವರ್ಷವೂ ವಿದ್ಯಾರ್ಥಿಗಳಿಂದ ಎದುರಾಗುವ ಪ್ರಶ್ನೆ ಇದು.

ಲಾಲಾರಸದ ದೊಡ್ಡ ಗ್ರಂಥಿಗಳು 3 ಜೊತೆ. ಕಿವಿಯ ಮುಂದೆ ಇರುವುದು ಪೆರೋಟಿಡ್, ಕೆಳದವಡೆಯ ಅಡಿಯಲ್ಲಿರುವುದು ಸಬ್‌ಮ್ಯಾಂಡಿಬ್ಯುಲರ್, ನಾಲಿಗೆಯ ಕೆಳಗಿರುವುದು ಸಬ್‌ಲಿಂಗ್ವಲ್. ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ ನೂರಾರು ಸಣ್ಣ ಗ್ರಂಥಿಗಳೂ ಇವೆ. ಮಂಗನಬಾವಿನಲ್ಲಿ ಸಾಮಾನ್ಯವಾಗಿ ಊದುವುದು ಪೆರೋಟಿಡ್. ಆಗ ಹುಳಿ ತಿಂದರೆ ನೋವು ಹೆಚ್ಚುವುದು, ಬಾತ ಗ್ರಂಥಿಗೆ ರಸ ಸುರಿಸಲೇಬೇಕಾದ ಒತ್ತಡ ಬೀಳುವುದರಿಂದ. ಇವೆಲ್ಲ ಸೇರಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ರಸ ಕೊಡುತ್ತವೆ. ನಿದ್ರೆಯಲ್ಲಿ ಹರಿವು ಬಹುತೇಕ ನಿಲ್ಲುವುದರಿಂದಲೇ ಬೆಳಿಗ್ಗೆ ಬಾಯಿ ಅಂಟಂಟಾಗಿ, ವಾಸನೆಯಿಂದ ಕೂಡಿರುತ್ತದೆ.

ಈ ಗ್ರಂಥಿಗಳು ನಡೆಯುವುದು ಮುಖ್ಯವಾಗಿ ನರಗಳ ಆಜ್ಞೆಯಂತೆ. ನಾಲಿಗೆಗೆ ಹುಳಿ ತಾಗಿದ ಸುದ್ದಿ ಮೆದುಳಿನ ಕಾಂಡಕ್ಕೆ ತಲುಪಿದೊಡನೆ, ಅಲ್ಲಿಂದ 7 ಮತ್ತು 9ನೆಯ ಕಪಾಲ ನರಗಳಲ್ಲಿ (ಮೆದುಳಿನಿಂದ ನೇರವಾಗಿ ಹೊರಡುವ ನರಗಳು) ಸಾಗುವ ಪ್ಯಾರಾಸಿಂಪಥೆಟಿಕ್ ತಂತುಗಳು, ಅಂದರೆ ದೇಹ ನಿರಾಳವಾಗಿದ್ದಾಗ ಚುರುಕಾಗುವ ನರತಂತುಗಳು, ಗ್ರಂಥಿಗಳನ್ನು ಪ್ರಚೋದಿಸಿ, ತೆಳುವಾದ ರಸವನ್ನು ಧಾರಾಳವಾಗಿ ಹೊರಡಿಸುತ್ತವೆ. ನೆನಪಿಗೇ ನೀರೂರುವುದು ಮಾತ್ರ ಕಲಿತ ಪ್ರತಿಕ್ರಿಯೆ. ಹುಣಸೆಯ ರುಚಿಯನ್ನೇ ಕಾಣದವರಿಗೆ ಅದರ ಹೆಸರು ಕೇಳಿದರೆ ಏನೂ ಆಗದು. ಅಂಜಿಕೆಯಲ್ಲಿ ನಡೆಯುವುದು ಇದರ ವಿರುದ್ಧ. ಭಯ, ಒತ್ತಡಗಳಲ್ಲಿ ಚುರುಕಾಗುವ ಸಿಂಪಥೆಟಿಕ್ ನರಗಳು ರಸವನ್ನು ತಡೆಯುತ್ತವೆ ಎಂದು ಹಲವರು ಬರೆದುಬಿಡುತ್ತಾರೆ, ಆದರೆ ಅದು ಪೂರ್ತಿ ಸರಿಯಲ್ಲ: ಅವು ಪ್ರೋಟೀನ್ ಹೆಚ್ಚಿರುವ ಮಂದ ರಸವನ್ನು ಸ್ವಲ್ಪ ಹೊರಡಿಸುತ್ತವೆ, ಬಾಯಿ ಒಣಗುವುದು ಪ್ರಧಾನವಾಗಿ ಮೆದುಳಿನ ಮೇಲಿನ ಕೇಂದ್ರಗಳು ಕಾಂಡದಿಂದ ಹೊರಡುವ ಆಜ್ಞೆಯನ್ನೇ ಅಡಗಿಸುವುದರಿಂದ.

ರಸ ತಯಾರಾಗುವುದು ಎರಡು ಹಂತಗಳಲ್ಲಿ. ಗ್ರಂಥಿಯ ಗೊಂಚಲು ಕೋಶಗಳು ಮೊದಲು ರಕ್ತದ್ರವದಷ್ಟೇ ಉಪ್ಪಿರುವ ದ್ರವವನ್ನು ಸ್ರವಿಸುತ್ತವೆ. ಅದು ನಾಳದಲ್ಲಿ ಸಾಗುವಾಗ ಗೋಡೆಯ ಕೋಶಗಳು ಸೋಡಿಯಂ, ಕ್ಲೋರೈಡುಗಳನ್ನು ಹಿಂದಕ್ಕೆ ಹೀರಿ ಪೊಟ್ಯಾಸಿಯಂ, ಬೈಕಾರ್ಬೊನೇಟುಗಳನ್ನು ಸೇರಿಸುತ್ತವೆ. ಮಣ್ಣಿನ ಕಾಲುವೆಯಲ್ಲಿ ನೀರು ನಿಧಾನವಾದಷ್ಟೂ ಹೆಚ್ಚು ಇಂಗುವಂತೆ, ರಸ ಮೆಲ್ಲಗೆ ಹರಿದಷ್ಟೂ ಅದರ ಉಪ್ಪು ಕಡಿಮೆಯಾಗುತ್ತದೆ. ಸಾರಿಗೆ ಉಪ್ಪು ತುಸು ಕಡಿಮೆಯಾಗಿದ್ದರೂ ನಾಲಿಗೆ ಅದನ್ನು ಪತ್ತೆ ಹಚ್ಚುವುದು ಬಾಯೊಳಗಿನ ರಸವೇ ಸಪ್ಪೆಯಾಗಿರುವುದರಿಂದ.

ಇನ್ನು ಅದರ ಕೆಲಸ. ಪಠ್ಯಪುಸ್ತಕಗಳು ಅಮೈಲೇಸ್ ಕಿಣ್ವಕ್ಕೆ ಮೊದಲ ಸ್ಥಾನ ಕೊಡುತ್ತವೆ. ಜೋಳದ ರೊಟ್ಟಿಯ ಚೂರನ್ನು ಪಲ್ಯವಿಲ್ಲದೆ ಬಹಳ ಹೊತ್ತು ಅಗಿದರೆ ಸಣ್ಣಗೆ ಸಿಹಿಯಾಗುವುದು ಈ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಆಗಿ ಒಡೆಯುವುದರಿಂದಲೇ. ಆದರೆ ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಅರ್ಹತೆಗಿಂತ ಹೆಚ್ಚು ಗೌರವ ಸಲ್ಲುತ್ತಿದೆ, ಏಕೆಂದರೆ ಅದೇ ಬಗೆಯ ಕಿಣ್ವವನ್ನು ಮೇದೋಜೀರಕ ಗ್ರಂಥಿಯೂ ಯಥೇಚ್ಛವಾಗಿ ಕೊಡುತ್ತದೆ. ತಲೆ, ಕುತ್ತಿಗೆಗಳಿಗೆ ವಿಕಿರಣ ಚಿಕಿತ್ಸೆ ಪಡೆದು ಲಾಲಾಗ್ರಂಥಿಗಳು ನಿಷ್ಕ್ರಿಯವಾದವರಲ್ಲಿಯೂ ಪಿಷ್ಟ ಕರುಳಿನಲ್ಲಿ ಜೀರ್ಣವಾಗುತ್ತದೆ, ಆದರೆ ಹಲ್ಲುಗಳು ಬೇಗ ಬೇಗ ಹುಳುಕಾಗುತ್ತವೆ, ಬಾಯಲ್ಲಿ ಶಿಲೀಂಧ್ರ ಸೋಂಕು ಪದೇ ಪದೇ ಬರುತ್ತದೆ. ತಿಂದ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸಿ ಪಿಎಚ್ (ಆಮ್ಲತೆಯ ಅಳತೆ, ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಆ ಆಮ್ಲವನ್ನು ಬೈಕಾರ್ಬೊನೇಟ್ ತಣಿಸುತ್ತದೆ, ರಸದಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕಳೆದುಹೋದ ಖನಿಜವನ್ನು ಮತ್ತೆ ತುಂಬುತ್ತವೆ. ಲೈಸೋಜೈಮ್ ಎಂಬ ಕಿಣ್ವ ಹಾಗೂ ಪ್ರತಿಕಾಯಗಳು ಸೂಕ್ಷ್ಮಾಣುಗಳನ್ನು ಹತೋಟಿಯಲ್ಲಿಡುತ್ತವೆ, ಲೋಳೆಯಂತಹ ಮ್ಯೂಸಿನ್ ತುತ್ತು ಜಾರಲು ನೆರವಾಗುತ್ತದೆ.

ಬೇಸಿಗೆಯ ಒಣಗುವಿಕೆಗೆ ಕಾರಣ ಬೇರೆ. ಉಷ್ಣಾಂಶ 40 ಡಿಗ್ರಿ ದಾಟಿದಾಗ ಬೆವರಿನಲ್ಲಿ ನೀರು ಹೋಗಿ, ಶೇಕಡಾ 99ರಷ್ಟು ನೀರೇ ಆಗಿರುವ ಈ ರಸದ ಉತ್ಪಾದನೆಯನ್ನು ದೇಹ ತಗ್ಗಿಸುತ್ತದೆ. ನೀರು ಕುಡಿದರೆ ಅದು ಸರಿಹೋಗುತ್ತದೆ. ನೀರು ಕುಡಿದರೂ ಒಣಗುತ್ತಲೇ ಇದ್ದರೆ ತಾವು ಸೇವಿಸುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಏಕೆಂದರೆ ಅಲರ್ಜಿ ಹಾಗೂ ಖಿನ್ನತೆಯ ಹಲವು ಔಷಧಿಗಳು ಲಾಲಾರಸವನ್ನು ಕುಗ್ಗಿಸುತ್ತವೆ. ಆದರೆ ಅವರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.