ಪ್ರತಿದ್ರವ್ಯದಿಂದ ವಿದ್ಯುತ್ ಸಾಧ್ಯವೇ?

ಪ್ರಶ್ನೆ: ಒಂದು ಗ್ರಾಂ ಪ್ರತಿದ್ರವ್ಯ (ಆಂಟಿಮ್ಯಾಟರ್) ಸಾವಿರಾರು ಮನೆಗಳಿಗೆ ವಿದ್ಯುತ್ ಒದಗಿಸಬಲ್ಲದೆಂದು ಓದಿದೆ. ನಮ್ಮ ಜೋಗಿಮಟ್ಟಿಯ ಗಾಳಿಯಂತ್ರಗಳ ಬದಲಿಗೆ ಮುಂದೆ ಅದನ್ನೇ ಬಳಸಬಹುದೇ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನೀವು ಓದಿದ ಲೆಕ್ಕ ಸರಿಯಾಗಿದೆ. ಸಾಮಾನ್ಯ ದ್ರವ್ಯದ ಕಣಗಳಷ್ಟೇ ತೂಕದ, ಆದರೆ ವಿರುದ್ಧ ವಿದ್ಯುದಾವೇಶದ ಪ್ರತಿಕಣಗಳಿಂದಾದದ್ದೇ ಪ್ರತಿದ್ರವ್ಯ. ಒಂದು ಗ್ರಾಂ ಪ್ರತಿದ್ರವ್ಯವು ಅಷ್ಟೇ ಸಾಮಾನ್ಯ ದ್ರವ್ಯವನ್ನು ಸಂಧಿಸಿದರೆ ಎರಡೂ ಇಲ್ಲವಾಗಿ, ಐನ್‌ಸ್ಟೈನರ ಸಮೀಕರಣದಂತೆ ಸುಮಾರು 5 ಕೋಟಿ ಯೂನಿಟ್‌ನಷ್ಟು ಶಕ್ತಿ ಹೊರಬೀಳುತ್ತದೆ. ಅಷ್ಟನ್ನೂ ವಿದ್ಯುತ್ತಾಗಿಸಲು ಸಾಧ್ಯವಾದರೆ, ತಿಂಗಳಿಗೆ 100 ಯೂನಿಟ್ ಬಳಸುವ 40 ಸಾವಿರ ಮನೆಗಳಿಗೆ ವರ್ಷಪೂರ್ತಿ ಸಾಕಾಗುತ್ತದೆ. ತೊಡಕಿರುವುದು ಆ ಒಂದು ಗ್ರಾಂ ಎಲ್ಲಿಂದ ಬರಬೇಕೆಂಬಲ್ಲಿ.

ಜೋಗಿಮಟ್ಟಿಯ ಮೇಲೆ ಗಾಳಿ ತಾನಾಗಿ ಬೀಸುತ್ತದೆ, ಕಲ್ಲಿದ್ದಲು ನೆಲದೊಳಗೆ ಸಿದ್ಧವಾಗಿದೆ; ಪ್ರತಿದ್ರವ್ಯದ ಗಣಿ ಮಾತ್ರ ಎಲ್ಲಿಯೂ ಇಲ್ಲ. 1932ರಲ್ಲಿ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳಲ್ಲಿ ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನನ್ನು ಕಂಡರಾದರೂ ಅಂಥವು ಬಂದಷ್ಟೇ ಬೇಗ ಮಾಯವಾಗುವ ಬಿಡಿ ಕಣಗಳು. ವಾಣಿವಿಲಾಸ ಸಾಗರಕ್ಕೆ ವೇದಾವತಿ ನೀರು ತರುತ್ತದೆ, ಆದರೆ ಮನೆಯ ಮೇಲಿನ ಟ್ಯಾಂಕಿಗೆ ಮೋಟಾರು ಹಾಕಿ ನಾವೇ ನೀರೇರಿಸಬೇಕು. ಪ್ರತಿದ್ರವ್ಯವು ಈ ಟ್ಯಾಂಕಿನಂತೆ, ಶಕ್ತಿಯ ಮೂಲವಲ್ಲ, ಶಕ್ತಿಯನ್ನು ತುಂಬಿಡುವ ಪಾತ್ರೆ. ಯಂತ್ರಗಳು ಎಷ್ಟೇ ಸುಧಾರಿಸಿದರೂ ತುಂಬಿದ್ದಕ್ಕಿಂತ ಹೆಚ್ಚು ಅದರಿಂದ ಹಿಂದಿರುಗದು.

ಈಗಂತೂ ತುಂಬಿದ್ದರಲ್ಲಿ ಬಹುಪಾಲು ಸೋರಿಹೋಗುತ್ತದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನ್‌ಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಒಯ್ದು ಇರಿಡಿಯಂ ಲೋಹಕ್ಕೆ ಅಪ್ಪಳಿಸುತ್ತಾರೆ. ಅದರಿಂದ ಸುಮಾರು ಎರಡು ನಿಮಿಷಕ್ಕೊಮ್ಮೆ ಬಳಕೆಗೆ ಸಿಗುವುದು ಸರಿಸುಮಾರು 3 ಕೋಟಿ ಪ್ರತಿಪ್ರೋಟಾನ್‌ಗಳು. ಕೇಳಲು ದೊಡ್ಡ ಸಂಖ್ಯೆಯೇ, ಆದರೆ ಒಂದು ಗ್ರಾಂಗೆ 6ರ ಮುಂದೆ 23 ಸೊನ್ನೆಗಳಷ್ಟು ಪ್ರತಿಪ್ರೋಟಾನ್‌ಗಳು ಬೇಕು. ಯಂತ್ರವನ್ನು ಒಂದು ಕ್ಷಣವೂ ನಿಲ್ಲಿಸದೆ ನಡೆಸಿದರೂ, ಇದೇ ವೇಗದಲ್ಲಿ ಒಂದು ಗ್ರಾಂ ಕೂಡಿಸಲು 1,380 ಕೋಟಿ ವರ್ಷಗಳ ವಿಶ್ವದ ವಯಸ್ಸಿನ ಐದು ಪಟ್ಟಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಲೆಕ್ಕವನ್ನು ನೀವೇ ಒಮ್ಮೆ ಹಾಳೆಯ ಮೇಲೆ ಮಾಡಿ ನೋಡಬೇಕೆಂದು ನನ್ನ ಆಸೆ.

ಕೂಡಿಸಿದ್ದನ್ನು ಕಾಯುವುದೂ ಸುಲಭವಲ್ಲ. ಯಾವ ಪಾತ್ರೆಯ ಗೋಡೆಗೆ ತಗುಲಿದರೂ ಅದು ನಾಶವಾಗುವುದರಿಂದ, ನಿರ್ವಾತದಲ್ಲಿ ಕಾಂತಕ್ಷೇತ್ರದ ಹಿಡಿತದಲ್ಲಿ ತೇಲಿಸಿಡಬೇಕು. ಸರ್ನ್‌ನ ಬೇಸ್ ತಂಡ ಪ್ರತಿಪ್ರೋಟಾನ್‌ಗಳನ್ನು ಹೀಗೆ 405 ದಿನ ಇರಿಸಿತ್ತು. ಅದು ಮೆಚ್ಚತಕ್ಕ ಸಾಧನೆ, ಆದರೆ ಅಲ್ಲಿದ್ದದ್ದು ಬೆರಳೆಣಿಕೆಯ ಕಣಗಳ ವಿಷಯ.

ಆದ್ದರಿಂದ ಗಾಳಿಯಂತ್ರಗಳ ಜಾಗಕ್ಕೆ ಇದು ಬರಲಾರದೆಂದೇ ನನ್ನ ಅಭಿಪ್ರಾಯ. ಹಾಗೆಂದು ಪ್ರತಿದ್ರವ್ಯ ನಿರುಪಯೋಗಿಯಲ್ಲ. ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ರೋಗಿಗೆ ಕೊಡುವ ವಿಕಿರಣಶೀಲ ಫ್ಲೋರಿನ್-18 ಪಾಸಿಟ್ರಾನ್‌ಗಳನ್ನು ಹೊರಸೂಸುತ್ತದೆ. ಒಂದೊಂದು ಪಾಸಿಟ್ರಾನ್ ದೇಹದ ಎಲೆಕ್ಟ್ರಾನ್ ಒಂದನ್ನು ಕೂಡಿ ನಾಶವಾದಾಗ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ, ಅವುಗಳ ಜಾಡು ಹಿಡಿದು ಯಂತ್ರವು ಗಂತಿ ಇರುವ ಜಾಗವನ್ನು ತೋರಿಸುತ್ತದೆ.