ಕ್ಯಾಮೆರಾ ಮುಂದೆ ಉತ್ತರಕ್ಕೆ ಕಾಯುವ ಮೇಷ್ಟ್ರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಿರಲೆಂದು ಊರು, ಶಾಲೆ, ವಾಹಿನಿಯ ಹೆಸರು ಬಿಟ್ಟು ಕೆಲವು ವಿವರ ಬದಲಿಸಲಾಗಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆಯಲಾಗಿದೆ.)

ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯೋಣ. ವಯಸ್ಸು 62. ಮಲೆನಾಡಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ 60ಕ್ಕೆ ನಿವೃತ್ತರಾದವರು. ನಿವೃತ್ತಿಯ ನಂತರ ಐದಾರು ತಿಂಗಳು ಒಂಬತ್ತೂವರೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರಂತೆ, ಹೋಗಲು ಎಲ್ಲಿಯೂ ಇಲ್ಲದಿದ್ದರೂ. ಅಷ್ಟರಲ್ಲಿ ಊರಿನ ಕೇಬಲ್ ವಾಹಿನಿಯವರು ಸುತ್ತಲಿನ ಸ್ಥಳಗಳನ್ನು ಪರಿಚಯಿಸುವ ವಾರದ ಕಾರ್ಯಕ್ರಮಕ್ಕೆ ಕರೆದರು. ಕಂತಿಗೆ 22 ನಿಮಿಷ, ಸಂಭಾವನೆ 1,500 ರೂಪಾಯಿ. ಒಂದೂವರೆ ವರ್ಷದಲ್ಲಿ ಸಂತೆಯಲ್ಲಿ ಜನ ಗುರುತು ಹಿಡಿದು ಮಾತನಾಡಿಸುವಂತಾಯಿತು. ಈ ಜೂನ್‌ನಲ್ಲಿ ಹಳೆಯ ಶಾಲೆಯಿಂದ ಫೋನ್ ಬಂತು: "ಸಾರ್, ಪೋಸ್ಟ್ ಖಾಲಿ ಇದೆ, ಯಾರೂ ಸಿಗ್ತಿಲ್ಲ, ನೀವೇ ಬರ್ಬೇಕು." ಆಡಳಿತ ಮಂಡಳಿಯಿಂದ ತಿಂಗಳಿಗೆ 14,000, ವಾರಕ್ಕೆ 18 ಪಿರಿಯಡ್. ಎರಡು ನಿಮಿಷದಲ್ಲಿ ಮೇಷ್ಟ್ರು ಹೂಂ ಅಂದುಬಿಟ್ಟರು.

ಆಗಸ್ಟ್ ಎರಡನೇ ವಾರ ನಮ್ಮಲ್ಲಿಗೆ ಬಂದಾಗ ಅವರ ಧ್ವನಿ ಗೊಗ್ಗರಾಗಿತ್ತು, ಬೆಳಗಿನ ಜಾವ ಮೂರೂವರೆಗೇ ಎಚ್ಚರವಾಗುತ್ತಿತ್ತು. ಒಂದು ಕಂತಿನ ಚಿತ್ರೀಕರಣ ರದ್ದಾಗಿತ್ತು. ಇಬ್ಬರು ಪೋಷಕರು ಶಾಲೆಗೆ ಬಂದು, "ಸಾರ್ ಪಾಠ ಬಿಟ್ಟು ಶೂಟಿಂಗ್ ಕಥೆ ಹೇಳ್ತಾರೆ" ಎಂದು ದೂರಿದ್ದರು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಎರಡರಲ್ಲಿ ಯಾವುದು ಬಿಡ್ಲಿ?"

ಆ ಪ್ರಶ್ನೆಗೆ ಮೊದಲ ಭೇಟಿಯಲ್ಲಿ ಉತ್ತರಿಸಬಾರದು. ದಣಿದವರು ಬಿಡುವುದು ತಮಗೆ ಬೇಡವಾದದ್ದನ್ನಲ್ಲ, ಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳದ್ದನ್ನು.

ಮೊದಲು ಮಾಡಿದ್ದು ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಕಳಿಸಿದ್ದು. ಮೂರು ವಾರ ದಾಟಿದ ಗೊಗ್ಗರು ಧ್ವನಿಯನ್ನು ಆಯಾಸ ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲೂ ಇವರು ಊಟವಾದ ಮೇಲೆ ಎಲೆ-ಅಡಿಕೆ ಹಾಕುವವರು. ಧ್ವನಿತಂತುಗಳಲ್ಲಿ ಊತ ಇತ್ತು, ಗಂಟು ಇರಲಿಲ್ಲ. ವಾಕ್ ಚಿಕಿತ್ಸಕರು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ, ಏಕೆಂದರೆ ಬಹಳ ಶಿಕ್ಷಕರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಧ್ವನಿ ಕಟ್ಟಿದಾಗ ಪಿಸುಮಾತಾಡಿದರೆ ವಿಶ್ರಾಂತಿ ಸಿಗುವುದಿಲ್ಲ, ತಂತುಗಳು ಇನ್ನಷ್ಟು ಬಿಗಿಯುತ್ತವೆ. ಮಾತಾಡುವುದಾದರೆ ಮೆಲುದನಿಯಲ್ಲಿ ಸಹಜವಾಗಿ ಮಾತಾಡಬೇಕು, ಇಲ್ಲವೇ ಸುಮ್ಮನಿರಬೇಕು. ಪಾಠ ಶುರು ಮಾಡುವ ಮೊದಲು ಖೆಖ್ ಎಂದು ಗಂಟಲು ಸರಿಮಾಡಿಕೊಳ್ಳುವ ಚಾಳಿ ಬಿಟ್ಟು ಒಂದು ಗುಟುಕು ನೀರು ಕುಡಿಯಬೇಕು. ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರ್, ತಲೆಗೆ ಹಾಕುವ ಮೈಕು ಒಂದೆರಡು ಸಾವಿರಕ್ಕೆ ಸಿಗುತ್ತದೆ. ಮೇಷ್ಟ್ರು, "ಮಕ್ಕಳು ನಗ್ತಾರೆ" ಅಂದರು. ನಕ್ಕರು, ಎರಡು ದಿನ. ಧ್ವನಿಯಿಂದಲೇ ದುಡಿಯುವವರ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಸೇವೆ ಇದೆ. ಹತ್ತಿರ ವಾಕ್ ಚಿಕಿತ್ಸಕರಿಲ್ಲದವರು ಅಲ್ಲಿಗೆ ಹೋಗಬಹುದು.

ಎರಡನೆಯ ಭೇಟಿಗೆ ಮೂರು ವಸ್ತು ತರಲು ಹೇಳಿದೆವು: ಏಳು ದಿನದ ಗಂಟೆ ಲೆಕ್ಕ, ಯಾವುದಾದರೂ ಒಂದು ಕಂತಿನ ಎಡಿಟ್ ಆಗದ ದೃಶ್ಯ, ಹತ್ತನೆಯ ತರಗತಿಯ ಇಬ್ಬರು ಮಕ್ಕಳ ನೋಟ್ಸ್.

ಗಂಟೆ ಲೆಕ್ಕ ನೋಡಿ ಮೇಷ್ಟ್ರೇ ಬೆಚ್ಚಿದರು. 40 ನಿಮಿಷದ 18 ಪಿರಿಯಡ್ ಅಂದರೆ 12 ಗಂಟೆ. ತಯಾರಿ 5, ತಿದ್ದುವುದು 6, ಆರು ದಿನ ಹೋಗಿಬರಲು 6. ಒಟ್ಟು 29. ಇನ್ನು "ವಾರಕ್ಕೆ ಅರ್ಧ ಗಂಟೆ ಪ್ರೋಗ್ರಾಂ" ಎಂದು ತಾವೇ ಹೇಳಿಕೊಳ್ಳುತ್ತಿದ್ದ ಕಾರ್ಯಕ್ರಮ: ಸ್ಥಳ ನೋಡಿ ಬರಲು 6, ಚಿತ್ರೀಕರಣ 9, ಬರವಣಿಗೆ 4, ಹಿನ್ನೆಲೆ ಮಾತು 2, ಎಡಿಟರ್ ಪಕ್ಕ ಕೂತು "ಅದು ತೆಗೀಬೇಡಪ್ಪ" ಎನ್ನಲು 3. ಅದು 24. ಎರಡೂ ಸೇರಿ 53 ಗಂಟೆ, ಭಾನುವಾರವೂ ಸೇರಿದಂತೆ. ಸೇವೆಯಲ್ಲಿದ್ದಾಗಲೂ ಅವರು ಇಷ್ಟು ದುಡಿದವರಲ್ಲ.

ಆದರೆ ಪ್ರಕರಣದ ಗಂಟು ಇದ್ದದ್ದು ದೃಶ್ಯ ಮತ್ತು ನೋಟ್ಸಿನಲ್ಲಿ. ದೃಶ್ಯ ತಾಳಗುಂದದ್ದು. ಪ್ರಣವೇಶ್ವರ ದೇವಾಲಯದ ಎದುರಿನ ಶಾಸನ ಕಂಬದ ಮುಂದೆ ನಿಂತು, ಕದಂಬ ರಾಜವಂಶದ ಮೂಲಪುರುಷ ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಕಥೆಯನ್ನು ಮೇಷ್ಟ್ರು 14 ನಿಮಿಷ ನಿರರ್ಗಳವಾಗಿ ಹೇಳುತ್ತಾರೆ. ನಡುವೆ, "ಈ ಶಾಸನ ಯಾವ ಭಾಷೆಯಲ್ಲಿದೆ?" ಎಂದು ಕೇಳಿ, ಹುಬ್ಬೇರಿಸಿ ಕ್ಯಾಮೆರಾವನ್ನೇ ನೋಡುತ್ತಾ ನಿಲ್ಲುತ್ತಾರೆ. ನಾಲ್ಕು ಸೆಕೆಂಡ್. ಯಾರೂ ಉತ್ತರಿಸುವುದಿಲ್ಲ. ಹಿಂದೆ ಕಾಗೆ ಕೂಗುತ್ತದೆ. "ಸಂಸ್ಕೃತ" ಎಂದು ತಾವೇ ಹೇಳಿ ಮುಂದುವರಿಯುತ್ತಾರೆ. ಎಡಿಟರ್ ಪ್ರತಿ ವಾರ ಕತ್ತರಿಸುವುದು ಇಂಥ ಜಾಗಗಳನ್ನೇ.

ಮಕ್ಕಳ ನೋಟ್ಸಿನಲ್ಲಿ ಇದಕ್ಕೆ ತದ್ವಿರುದ್ಧ. ಹತ್ತನೆಯ ತರಗತಿಯ ಇತಿಹಾಸ ಶುರುವಾಗುವುದು ಭಾರತಕ್ಕೆ ಯುರೋಪಿಯನ್ನರ ಆಗಮನದಿಂದ. ಎರಡು ತಿಂಗಳಾದರೂ ನೋಟ್ಸ್ ಎರಡನೆಯ ಪಾಠದಲ್ಲಿತ್ತು. ಅಂಚುಗಳಲ್ಲಿ ಮೇಷ್ಟ್ರು ಹೇಳಿದ ಸ್ಥಳದ ಕಥೆಗಳು: ಕವಲೇದುರ್ಗ ಕೋಟೆಯ ಚಿತ್ರ, "ಕೆಳದಿ ಚೆನ್ನಮ್ಮ – ರಾಜಾರಾಮ" ಎಂಬ ಗುರುತು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತೀರಿ ಎಂದೆವು. ಸ್ವಲ್ಪ ಯೋಚಿಸಿ, "ಕಾಯಲ್ಲ. ಟೈಮಿಲ್ಲ" ಅಂದರು.

ಪಾಠವನ್ನು ಕ್ಯಾಮೆರಾಗೂ ಪ್ರದರ್ಶನವನ್ನು ಮಕ್ಕಳಿಗೂ ಕೊಡುತ್ತಿದ್ದರು. ಒಂದನ್ನು ಬಿಟ್ಟರೂ ಇನ್ನೊಂದು ಕೆಟ್ಟೇ ಇರುತ್ತಿತ್ತು. ನಿವೃತ್ತಿಯ ನಂತರ ಮತ್ತೆ ಕಲಿಸಲು ಹೋಗುವವರಲ್ಲಿ ಇದು ಅಪರೂಪವಲ್ಲ. ನಡುವಿನ ಎರಡು ವರ್ಷ ಇನ್ಯಾವುದೋ ಮಾತುಗಾರಿಕೆ ನಾಲಿಗೆಗೆ ಅಂಟಿರುತ್ತದೆ, ಶಾಲೆಯೂ ಅಷ್ಟರಲ್ಲಿ ಬದಲಾಗಿರುತ್ತದೆ.

ಶಾಲೆಯ ಮಟ್ಟಿಗೆ ಕೊಟ್ಟ ಸಲಹೆ ಇದು. 18 ಪಿರಿಯಡ್ ಬೇಡ, 12 ಸಾಕು, ಹತ್ತನೆಯ ತರಗತಿಯ ಎರಡು ವಿಭಾಗ ಮಾತ್ರ. ಸಂಬಳ ಅದಕ್ಕೆ ತಕ್ಕಂತೆ ಇಳಿಯಲಿ. ನಾಲ್ಕು ದಿನಕ್ಕೆ ಮೂರು ಮೂರರಂತೆ, ಮಧ್ಯೆ ಒಂದು ಪಿರಿಯಡ್ ಬಿಡುವು. ಬುಧವಾರ, ಶನಿವಾರ ಶಾಲೆ ಇಲ್ಲ. ಬಿಸಿಯೂಟದ ಉಸ್ತುವಾರಿ, ಪ್ರತಿಭಾ ಕಾರಂಜಿ, ರಜೆ ಹಾಕಿದವರ ತರಗತಿ, ಯಾವುದಿದೆ ಯಾವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಅಂಕಗಳನ್ನು ಶಾಲಾ ಮಕ್ಕಳ ವಿವರ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ಗೆ ಏರಿಸುವ ಕೆಲಸ ಇವರಿಗೆ ಬರುತ್ತಿರಲಿಲ್ಲ. ಒಬ್ಬ ಕಿರಿಯ ಶಿಕ್ಷಕಿ ಸಂಜೆ ಕೂತು ಇವರದ್ದೂ ತುಂಬುತ್ತಿದ್ದರು. ಸ್ಟಾಫ್ ರೂಮಿನ ಮುನಿಸಿಗೆ ಟಿವಿ ಹೆಸರು ಕಾರಣ ಎಂದು ಮೇಷ್ಟ್ರು ಅಂದುಕೊಂಡಿದ್ದರು, ಕಾರಣ ಇದಾಗಿತ್ತು. ಎರಡು ಸಂಜೆ ಅವರ ಪಕ್ಕ ಕೂತು ಕಲಿಯಿರಿ, ಮೂರನೆಯ ಸಲ ನೀವೇ ತುಂಬಿ ಅವರಿಗೆ ತೋರಿಸಿ ಎಂದೆವು.

ಮುಖ್ಯೋಪಾಧ್ಯಾಯರು ಇವರ ಶಿಷ್ಯ. ಸಭೆಯಲ್ಲಿ ಎಲ್ಲರೆದುರು, "ಏನೋ, ಟೈಂಟೇಬಲ್ ಹಿಂಗೆ ಮಾಡಿದೀಯ" ಎಂದಿದ್ದರು. ಶಿಷ್ಯ ನಕ್ಕಿದ್ದರು. ಆ ನಗೆಯನ್ನು ಒಪ್ಪಿಗೆ ಎಂದು ಓದಬಾರದು. ಗೇಟಿನ ಒಳಗೆ ಅವರು "ಸಾರ್", ನೀವೂ "ಸಾರ್". ಗೇಟಿನ ಹೊರಗೆ ನಿಮ್ಮಿಷ್ಟ. ಇದನ್ನು ಒಪ್ಪಲು ಮೇಷ್ಟ್ರಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು.

ತರಗತಿಯೊಳಗೆ ಎರಡೇ ನಿಯಮ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ ಹೆಸರು ಕರೆಯಿರಿ. ಮೊದಲೇ ಹೆಸರು ಕರೆದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ. ಎರಡನೆಯದು, ಸ್ಥಳದ ಕಥೆ ಪಾಠಕ್ಕೆ ಕೂಡುವಲ್ಲಿ ಮಾತ್ರ, ಅದೂ ಮೂರು ನಿಮಿಷ. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದದ್ದು ಹತ್ತನೆಯ ತರಗತಿಯ ಪಾಠಕ್ಕೆ ಕೂಡುತ್ತದೆ. ಬಿದನೂರಿಗೆ ಈಗ ನಗರ ಎಂದು ಹೆಸರು, ಅಲ್ಲಿನ ಕೋಟೆಯ ದೃಶ್ಯ ತೋರಿಸಿ. ಕದಂಬರು ಎಷ್ಟೇ ಚೆನ್ನಾಗಿದ್ದರೂ ಈ ಮಕ್ಕಳ ಪ್ರಶ್ನೆಪತ್ರಿಕೆಯಲ್ಲಿಲ್ಲ. 80 ಅಂಕದ ಆ ಪತ್ರಿಕೆಯಲ್ಲಿ ಇತಿಹಾಸದ ಜೊತೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನವೂ ಇವೆ. ಇತಿಹಾಸದ ಮೇಷ್ಟ್ರುಗಳು ಕಾಲು ಜಾರುವುದು ಕೊನೆಯ ಎರಡರಲ್ಲಿ.

ಕಾರ್ಯಕ್ರಮಕ್ಕೆ ಸಂಬಂಧಿಸಿದಂತೆ, ವಾರದ ಬದಲು ಹದಿನೈದು ದಿನಕ್ಕೊಂದು ಹೊಸ ಕಂತು, ನಡುವಿನ ವಾರ ಮರುಪ್ರಸಾರ. ತಿಂಗಳಿಗೆ ಒಂದೇ ಚಿತ್ರೀಕರಣ ದಿನ, ಅದೂ ಶನಿವಾರ. ಹತ್ತಿರದ ಎರಡು ಸ್ಥಳ ಆರಿಸಿಕೊಂಡು ಎರಡು ಕಂತು ಮುಗಿಸುವುದು. ಸಾಗರದ ಮಗ್ಗುಲಲ್ಲೇ ಕೆಳದಿ, ಇಕ್ಕೇರಿ ಇವೆ. ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವಿ, ತಾಳಗುಂದ ಒಂದೇ ಸುತ್ತಿಗೆ ಆಗುತ್ತವೆ. ಕವಲೇದುರ್ಗ ಹತ್ತುವ ಜಾಗ, ಅದನ್ನು ಇನ್ನೊಂದರ ಜೊತೆ ಕಟ್ಟಬಾರದು, ಮಂಡಿ ಕೇಳುವುದಿಲ್ಲ. ಎರಡನೆಯ ಕಂತಿಗೆ ಅಂಗಿ ಬದಲಿಸಿ, ಇಲ್ಲದಿದ್ದರೆ ಒಂದೇ ದಿನದ್ದೆಂದು ಗೊತ್ತಾಗುತ್ತದೆ. ಕಾಲರ್ ಮೈಕಿಗೆ ತುಪ್ಪಳದ ಟೋಪಿ ಹಾಕಿ. ಬಯಲಲ್ಲಿ ಕೂಗಿ ಮಾತಾಡುವ ಅಭ್ಯಾಸ ಹುಟ್ಟಿದ್ದೇ ಗಾಳಿಯ ಸದ್ದಿನಿಂದ. ಮೊದಲೇ ಹೋಗಿ ಸ್ಥಳ ನೋಡುವ ಬದಲು ಕ್ಯಾಮೆರಾ ಹುಡುಗ ಫೋಟೊ ಕಳಿಸಲಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಾಲಯದಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಹಿಂದೊಮ್ಮೆ ಇವರನ್ನು ಕಾವಲುಗಾರ ತಡೆದು ಅರ್ಧ ದಿನ ಹಾಳಾಗಿತ್ತು. ಹಿನ್ನೆಲೆ ಮಾತಿನ ದಾಖಲೆ ಬುಧವಾರ ಬೆಳಿಗ್ಗೆ, ಪಾಠ ಇಲ್ಲದ ದಿನ ಮಾತ್ರ. ಹೀಗೆ ವಾರಕ್ಕೆ 24 ಗಂಟೆ ತಿನ್ನುತ್ತಿದ್ದ ಕೆಲಸ ತಿಂಗಳಿಗೆ 24 ಆಯಿತು. ಕ್ಯಾಮೆರಾದತ್ತ ಪ್ರಶ್ನೆ ಎಸೆಯುವ ಬದಲು ಅಲ್ಲಿನ ಅರ್ಚಕರನ್ನೋ ದನ ಕಾಯುವವರನ್ನೋ ಕೇಳಿ, ಅವರು ಉತ್ತರ ಕೊಡುತ್ತಾರೆ ಎಂದೆವು. ಎಡಿಟರ್‌ಗೆ ಬಹಳ ಸಂತೋಷವಾಯಿತಂತೆ.

ಎರಡು ಕೆಲಸ ಒಂದಕ್ಕೊಂದು ತಾಗುವ ಜಾಗದಲ್ಲಿ ನಾವು ಬಿಗಿಯಾಗಿದ್ದೆವು. ಕಾರ್ಯಕ್ರಮದ ಪ್ರಾಯೋಜಕರಲ್ಲಿ ಒಂದು ಟ್ಯೂಷನ್ ಕೇಂದ್ರ ಇತ್ತು. ಪಾಠ ಮಾಡುವಷ್ಟು ಕಾಲ ಯಾವ ಶಿಕ್ಷಣ ಸಂಸ್ಥೆಯ ಜಾಹೀರಾತನ್ನೂ ಇವರ ಮುಖದ ಪಕ್ಕ ಹಾಕುವಂತಿಲ್ಲ ಎಂದು ವಾಹಿನಿಗೆ ಬರೆದುಕೊಡಿಸಿದೆವು. ವಿದ್ಯಾರ್ಥಿಗಳನ್ನು ಕಂತಿನಲ್ಲಿ ತೋರಿಸುವುದಾದರೆ ಪೋಷಕರ ಲಿಖಿತ ಒಪ್ಪಿಗೆ, ಮುಖ್ಯೋಪಾಧ್ಯಾಯರ ಸಹಿ. ಶಾಲಾ ಪ್ರವಾಸಕ್ಕೆ ಕ್ಯಾಮೆರಾ ಬರಬಾರದು. ದುಡ್ಡಿನ ಬಗ್ಗೆ ಒಂದೇ ಮಾತು: 60 ದಾಟಿದವರಿಗೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆಯ ಗೊಡವೆ ಇಲ್ಲ, ಆದರೆ ಕಾರ್ಯಕ್ರಮದ ಸಂಭಾವನೆ ವೃತ್ತಿ ಆದಾಯ ಎಂದಾದರೆ ಆ ವಿನಾಯಿತಿ ಹೋಗುತ್ತದೆ. ಪಿಂಚಣಿಯ ಕಾಗದದ ಜೊತೆ ಇದನ್ನೂ ಹಿಡಿದು ಆಡಿಟರ್ ಹತ್ತಿರ ಹೋಗಿ ಎಂದೆವು.

ಮೂರನೆಯ ಭೇಟಿಗೆ ಮೇಷ್ಟ್ರ ಹೆಂಡತಿಯೂ ಬಂದಿದ್ದರು. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ರಿಟೈರಾದ್ಮೇಲೆ ಇಬ್ರೂ ಊರು ನೋಡೋಣ ಅಂದಿದ್ರು. ಈಗ ಎಲ್ಲಾ ಊರೂ ತೋರಿಸ್ತಾರೆ, ನಾನು ಟಿವೀಲಿ ನೋಡ್ತೀನಿ." ಮೇಷ್ಟ್ರು ಕೂಡಲೇ, "ಮುಂದಿನ ಶೂಟಿಂಗಿಗೆ ನೀನೂ ಬಾ" ಅಂದರು. ಬೇಡ ಎಂದೆವು. ಅಲ್ಲಿ ಆಕೆಗೆ ನೀರಿನ ಬಾಟಲಿ, ಬದಲಿ ಅಂಗಿ ಹಿಡಿದು ನಿಲ್ಲುವ ಕೆಲಸ ಬೀಳುತ್ತದೆ. ದಸರಾ ರಜೆಯಲ್ಲಿ ನಾಲ್ಕು ದಿನ, ಊರು ಆಕೆ ಆರಿಸಿದ್ದು, ಕ್ಯಾಮೆರಾ ಇಲ್ಲ, "ಇದು ಕಂತಿಗಾಗತ್ತೆ" ಎಂಬ ಮಾತೂ ಇಲ್ಲ.

ಮೊದಲ ಯೋಜನೆ ಮೂರನೇ ವಾರಕ್ಕೇ ಮುರಿಯಿತು. ಯಾರೋ ಹೆರಿಗೆ ರಜೆಗೆ ಹೋದರು, ಒಂಬತ್ತನೆಯ ತರಗತಿ ನೋಡಿಕೊಳ್ಳುತ್ತೀರಾ ಎಂದು ಕೇಳಿದರು, ಮೇಷ್ಟ್ರು ಮತ್ತೆ ಹೂಂ ಅಂದರು. ಬುಧವಾರ ಹೋಯಿತು, ಹಿನ್ನೆಲೆ ಮಾತು ಗುರುವಾರ ಸಂಜೆಗೆ ಜಾರಿತು, ಧ್ವನಿ ಮತ್ತೆ ಕಟ್ಟಿತು. ಸಹಿ ಮಾಡಿದ ಹಾಳೆ ಮೇಜಿನ ಡ್ರಾಯರಿನಲ್ಲೇ ಇತ್ತು. ಕಾಗದ ಇದ್ದರೂ ಬಾಯಿ ಮೊದಲು ಓಡುವವರಿಗೆ ಬೇರೆ ಉಪಾಯ ಬೇಕು. ಯಾರು ಏನೇ ಕೇಳಿದರೂ, "ನಾಳೆ ಬೆಳಿಗ್ಗೆ ಹೇಳ್ತೀನಿ" ಎಂಬ ಒಂದು ವಾಕ್ಯವನ್ನು ಭೇಟಿಯಲ್ಲೇ ಹತ್ತಾರು ಸಲ ಹೇಳಿಸಿದೆವು. ನಾವು ಮುಖ್ಯೋಪಾಧ್ಯಾಯರಾಗಿ, ವಾಹಿನಿಯವರಾಗಿ, ಸಂಘದ ಕಾರ್ಯದರ್ಶಿಯಾಗಿ ಕೇಳುತ್ತಾ ಹೋದೆವು. ಆರನೇ ಸಲದವರೆಗೂ ಅದರ ಹಿಂದೆ "ಆಗ್ಬೋದು ಬಿಡಿ" ಸೇರಿಕೊಳ್ಳುತ್ತಿತ್ತು.

ನವೆಂಬರ್‌ನ ಐದನೆಯ ಭೇಟಿಯ ಹೊತ್ತಿಗೆ ವಾರಕ್ಕೆ 25 ಗಂಟೆಯ ಆಸುಪಾಸಿಗೆ ಬಂದಿದ್ದರು. ನಿದ್ದೆ ಐದರವರೆಗೆ ಹಿಡಿಯುತ್ತಿದೆ, ಗಂಟಲಿನ ಊತ ಇಳಿದಿದೆ. ಅಡಿಕೆ ಪೂರ್ತಿ ಬಿಟ್ಟಿಲ್ಲ. ಪಾಠ ಇನ್ನೂ ಮೂರು ವಾರ ಹಿಂದಿದೆ, ಭೂಗೋಳ ಬಾಕಿ. ಜನವರಿ ಬಂದರೆ ಪೂರ್ವಸಿದ್ಧತಾ ಪರೀಕ್ಷೆ, ಸಂಜೆಯ ವಿಶೇಷ ತರಗತಿಗೆ ಇವರನ್ನೇ ಕೇಳುತ್ತಾರೆ. ಅಲ್ಲಿಂದ ಎರಡು ತಿಂಗಳು ಹೊಸ ಕಂತು ಬೇಡ, ಹಳೆಯವನ್ನೇ ಹಾಕಿ ಎಂದು ವಾಹಿನಿಗೆ ಈಗಲೇ ಹೇಳಿಬಿಡಿ ಎಂದೆವು. ಮೇಷ್ಟ್ರು ಡೈರಿ ತೆಗೆದು ಬರೆದುಕೊಂಡರು, ಆಮೇಲೆ ತಲೆ ಎತ್ತಿ, "ನಾಳೆ ಬೆಳಿಗ್ಗೆ ಹೇಳ್ತೀನಿ" ಅಂದರು.