ಲಿಲಾರ್ಡ್‌ನ ಬಿಟ್ಟಮ್ಯಾಲೂ ರೊಕ್ಕ ಯಾಕ?

ಅಣ್ಣಾರ, ಅಮೆರಿಕದ NBA ಬಾಸ್ಕೆಟ್‌ಬಾಲ್ ಲೀಗಿನ ಮಿಲ್ವಾಕಿ ಬಕ್ಸ್ ಟೀಮಿನವ್ರು 2025ರ ಜುಲೈದಾಗ ತಮ್ಮ ಗಾರ್ಡ್ ಡೇಮಿಯನ್ ಲಿಲಾರ್ಡ್‌ನ ಬಿಟ್ಟಮ್ಯಾಲೂ ಅವನ ಪಗಾರ ಯಾಕ ಲೆಕ್ಕಕ್ಕ ಹಿಡೀತಾರ ಅಂತ ಕೇಳೀರಲ್ಲ, ಅದು ಸ್ಟ್ರೆಚ್ ರೂಲ್ ರೀ, ಅಂದ್ರ ಬಿಟ್ಟ ಆಟಗಾರನ ಉಳಿದ ಪಗಾರನ ಜಾಸ್ತಿ ವರ್ಷಕ್ಕ ಹಂಚೋದು. ಉಳಿದಿದ್ದು 2 ವರ್ಷದ ಕಾಂಟ್ರ್ಯಾಕ್ಟು, ಅದನ್ನ ಡಬಲ್ ಮಾಡಿ ಒಂದು ಕೂಡಿಸಿದ್ರ 5 ವರ್ಷ, ಹಂಗಾಗಿ ಸುಮಾರು 113 ಮಿಲಿಯನ್ ಡಾಲರ್ ಐದು ಕಂತಿನ್ಯಾಗ, ವರ್ಷಕ್ಕ 22.5 ಮಿಲಿಯನ್ ಹತ್ರ ಕ್ಯಾಪ್‌ನ್ಯಾಗ (ಟೀಮಿನ ಪಗಾರದ ಮಿತಿಯೊಳಗ) ಕುಂತಿರ್ತದ. ನಮ್ಮ ಕಡಿ ಟ್ರ್ಯಾಕ್ಟರ್ ಮಾರಿದಮ್ಯಾಲೂ ಬ್ಯಾಂಕಿನ ಕಂತು ತುಂಬಿದಂಗ. ಕ್ಯಾಪ್‌ನ್ಯಾಗ ಹಂಗ ಖಾಲಿ ಆದ ಜಾಗಕ್ಕ ಮೈಲ್ಸ್ ಟರ್ನರ್ ಬಂದ, ಬಕ್ಸ್‌ನ ಆಗಿನ ಸ್ಟಾರ್ ಯಾನಿಸ್ ಬಾಜೂಕ ದೂರದಿಂದ ಮೂರು ಪಾಯಿಂಟಿನ ಶಾಟ್ ಹೊಡಿಯೋ ಸೆಂಟರ್, ಖರೆ, ಆದ್ರ ಬಾಲ್ ನಡಸೋ ಗಾರ್ಡ್ ಎಲ್ಲಿ? ನನಗಂತೂ ತುಟ್ಟಿ ಸೌದಾ ಅನಸ್ತು. ಕಲಬುರಗ್ಯಾಗ ನಸುಕಿನ್ಯಾಗ ಅಲಾರಂ ಇಟ್ಟು, ಮನ್ಯಾಗ ಬೈಸ್ಕೋಂತ ಮ್ಯಾಚ್ ನೋಡವ್ರು ನಾವು, ನಮಗೂ ಹೊಟ್ಟಿ ಉರೀತದ್ರಿ. ಲಿಲಾರ್ಡ್ ಹೋಗಿದ್ದು ಎಲ್ಲಿಗಿ? ತಿರುಗಿ ತನ್ನ ಹಳೆ ಟೀಮ್ ಪೋರ್ಟ್‌ಲ್ಯಾಂಡ್‌ಗೇ. ಕಂತು ಮಾತ್ರ ಮಿಲ್ವಾಕಿ ತುಂಬಬೇಕು.